ಅತ್ತಮ್ಮನ ಕಿವಿ, ನನ್ನ ಎದೆ

ಎಡಗಡೆಯ ಮೊಲೆ ತೆಗೆಸಿಕೊಂಡ ಮೇಲೆ ಸುಮಾರು ಒಂದು ವರ್ಷ ನಾನು ರವಿಕೆಯೊಳಗೆ ರಾಗಿ ತುಂಬಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕೇಳಿದವರು ನಗುತ್ತಾರೆ. ನಗಲಿ, ನಾನೂ ಬೇಕಾದಷ್ಟು ನಕ್ಕಿದ್ದೇನೆ.

ತೊಂಬತ್ತರ ದಶಕ ಆಗ ಅರ್ಧ ಕಳೆದಿತ್ತು. ನನಗೆ ಇನ್ನೂ ನಲವತ್ತಾಗಿರಲಿಲ್ಲ. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಯಜಮಾನರು ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರು. ರೇಷ್ಮೆಗೂಡಿನ ಮಾರುಕಟ್ಟೆಯ ಕೂಗಾಟ ಕೇಳಿ ಕೇಳಿ ಸಾಕಾಗಿಯೋ ಏನೋ, ಮನೆಗೆ ಬಂದರೆ ಮಾತೇ ಆಡದ ಮನುಷ್ಯ. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗುವವರು. ಜೊತೆಗೆ ನಮ್ಮ ಅತ್ತಮ್ಮ. ಮಾವನವರು ತೀರಿಕೊಂಡ ಮೇಲೆ ಸಾದಲಿ ಹತ್ತಿರದ ಹೊಲವನ್ನೂ ಹಿಪ್ಪುನೇರಳೆ ತೋಟವನ್ನೂ ನನ್ನ ಮೈದುನನ ಕೈಗೆ ಕೊಟ್ಟು ನಮ್ಮ ಮನೆಗೆ ಬಂದಿದ್ದರು. ಅವರು ಹುಟ್ಟಿದ್ದು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ. ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ತೆಲುಗು. ತುಂಬಾ ಖುಷಿಯಾದರೂ ತೆಲುಗು.

ಗಂಟು ಸಿಕ್ಕಿದ್ದು ಸ್ನಾನ ಮಾಡುವಾಗ. ಬೆಂಗಳೂರಿಗೆ ಹೋದೆವು, ಪರೀಕ್ಷೆಯಾಯಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಔಷಧಿ ಏರಿಸಿದರು. ನನ್ನ ಉದ್ದ ಜಡೆ ಹೋಯಿತು. ಮತ್ತೆ ಬಂದದ್ದು ಗುಂಗುರು ಗುಂಗುರಾಗಿ, ನನ್ನದಲ್ಲವೆಂಬಂತೆ. ಆ ದಿನಗಳ ಕಷ್ಟವನ್ನು ಇಲ್ಲಿ ಬಿಡಿಸಿ ಹೇಳಲು ಮನಸ್ಸಿಲ್ಲ. ಬದುಕಿದೆ ಎಂಬುದಷ್ಟೇ ಮುಖ್ಯ.

ಶಾಲೆಗೆ ಮರಳಿದಾಗ ಒಂದು ಕಡೆ ತುಂಬಿ ಒಂದು ಕಡೆ ಚಪ್ಪಟೆಯಾದ ಎದೆಯನ್ನು ಸೆರಗಿನಲ್ಲಿ ಎಷ್ಟೆಂದು ಮುಚ್ಚಲಿ? ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಗಣಿತದ ಟೀಚರದ್ದು. ಊರಿನಲ್ಲಿ ರೇಷ್ಮೆ ನೂಲು ತೆಗೆಸುವ ಮನೆತನದವರು, ನನಗಿಂತ ಸ್ವಲ್ಪ ದೊಡ್ಡವರು. ನಾನು ಅವರನ್ನು ಅವರ ಉರ್ದುವಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅವರು ಒಂದು ಸಂಜೆ ತೆಳು ಮಲ್ ಬಟ್ಟೆಯ ಪುಟ್ಟ ಚೀಲ ತಂದುಕೊಟ್ಟರು. ಗೂಡಿನ ಮೇಲೆ ಹತ್ತಿಯಂತೆ ಅಂಟಿಕೊಂಡಿರುವ ನಾರನ್ನು ಒಳಗೆ ತುಂಬಿ ಹೊಲಿದಿದ್ದರು.

"ಹಾಕ್ಕೊಂಡ್ ನೋಡಮ್ಮ. ಇಡೀ ಊರಲ್ಲಿ ರೇಷ್ಮೇದು ನಿಂಗೊಬ್ಬಳಿಗೇ ಇರೋದು" ಎಂದರು.

ಚೆನ್ನಾಗಿಯೇ ಇತ್ತು, ಆದರೆ ಬಹಳ ಹಗುರ. ಬೆಳಿಗ್ಗೆ ಎದೆಯ ಮೇಲೆ ಇದ್ದದ್ದು ಬೋರ್ಡಿನ ಮೇಲೆ ಬರೆದೂ ಬರೆದೂ ಮಧ್ಯಾಹ್ನದ ಹೊತ್ತಿಗೆ ಭುಜದ ಹತ್ತಿರ ಬಂದಿರುತ್ತಿತ್ತು. ಅತ್ತಮ್ಮ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದ್ರಲ್ಲಿ ತೂಕಾನೇ ಇಲ್ವಲ್ಲೇ, ನಿಲ್ಲೋದೆಂಗೆ? ರಾಗಿ ತುಂಬು" ಎಂದರು. ತಾವೇ ಬಿಚ್ಚಿ, ರಾಗಿ ತುಂಬಿ, ಹೊಲಿದುಕೊಟ್ಟರು. ಅದು ಕೂತ ಕಡೆ ಕೂತಿತು, ಬಾಗಿದರೆ ಬಾಗಿತು. ನನಗಂತೂ ಗೆದ್ದಷ್ಟು ಸಂತೋಷ.

ಒಂದು ದಿನ ಎಂಟನೇ ಕ್ಲಾಸಿನಲ್ಲಿ ಭೂಪಟದ ಮೇಲೆ ನದಿಗಳನ್ನು ತೋರಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ನಿಮ್ಮಿಂದ ರಾಗಿ ಉದುರ್ತಾ ಐತೆ" ಎಂದಳು. ನೋಡಿದರೆ ನಿಜ. ಹೊಲಿಗೆ ಬಿಟ್ಟು, ಸೀರೆಯ ನೆರಿಗೆಯಿಂದ ಕೆಳಗೆ ಸಣ್ಣ ಧಾರೆ. "ಬೆಳಿಗ್ಗೆ ರಾಗಿ ಹಸನು ಮಾಡ್ತಿದ್ದೆ ಕಣಮ್ಮ, ಸೆರಗಲ್ಲಿ ಸಿಕ್ಕೊಂಡಿರಬೇಕು" ಎಂದು ಹೇಳಿ, ಎದೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಓಡಿದೆ. ಆಪಾ ಬಾಗಿಲು ಹಾಕಿ ನನ್ನನ್ನು ನೋಡಿ ಶುರು ಮಾಡಿದ ನಗು ಗಂಟೆ ಹೊಡೆದರೂ ನಿಲ್ಲಲಿಲ್ಲ. ಮೊದಲು ನನಗೆ ಅಳು ಬಂದಿತ್ತು. ಅವರ ನಗು ನೋಡಿ ಅದು ಎಲ್ಲಿ ಹೋಯಿತೋ, ನಾನೂ ಮೇಜಿಗೆ ತಲೆಯಿಟ್ಟು ನಕ್ಕೆ.

ಕಣ್ಣೊರೆಸಿಕೊಂಡು ಆಪಾ ಕೇಳಿದರು: "ಬೆಂಗ್ಳೂರ್ ಡಾಕ್ಟ್ರು ಹೊಸದಾಗಿ ಮಾಡ್ಕೊಡ್ತೀವಿ ಅಂದಿದ್ರು ಅಂತ ಹೇಳಿದ್ಯಲ್ಲ, ಅದೇನಾಯ್ತು?"

ಹೌದು, ಚೆಕಪ್ಪಿಗೆ ಹೋದಾಗ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹಾಕಿಕೊಂಡೆ. ಆ ವರ್ಷದ ಬೇಸಿಗೆ ರಜೆಯಲ್ಲಿ ಬೆನ್ನಿನಿಂದ ಒಂದಷ್ಟು ಮಾಂಸಖಂಡವನ್ನೂ ಚರ್ಮವನ್ನೂ ಮುಂದಕ್ಕೆ ತಿರುಗಿಸಿ ತಂದು ನನಗೆ ಹೊಸ ಮೊಲೆ ಮಾಡಿಕೊಟ್ಟರು. ಅದಕ್ಕೆ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಯಾರೂ ಬೇಡವೆನ್ನಲಿಲ್ಲ. ಬಿದ್ದ ಹಲ್ಲು ಕಟ್ಟಿಸಿಕೊಳ್ಳುವುದಿಲ್ಲವೇ, ಹಾಗೆಯೇ ಇದು ಎಂದರು. ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಎರಡು ಕಡೆಯೂ ಉಬ್ಬಿರುವುದನ್ನು ನೋಡಿ ಮೈಯೆಲ್ಲ ಹಗುರಾಗಿತ್ತು.

ಕೆಲವು ತಿಂಗಳು ಕಳೆದು ತೋರಿಸಲು ಹೋದೆ. ಅದನ್ನು ಮಾಡಿದ ಪ್ಲಾಸ್ಟಿಕ್ ಸರ್ಜನ್ ಮಾತಿಗೆ ಮುಂಚೆ ಕನ್ನಡಕ ಒರೆಸಿಕೊಳ್ಳುವ, ನಿಧಾನದ ಮನುಷ್ಯ.

"ಎಲ್ಲಾ ಚೆನ್ನಾಗಿ ಕೂಡಿಕೊಂಡಿದೆ. ನಿಮಗೆ ಬೇಕು ಅನ್ನಿಸಿದರೆ ಇನ್ನು ಕೆಲವು ಸಣ್ಣ ಕೆಲಸ ಮಾಡಬಹುದು" ಎಂದರು.

"ಏನು ಸರ್?"

"ಬಲಗಡೆಯದು ಸ್ವಲ್ಪ ಇಳಿದಿದೆ. ಅದನ್ನ ಎತ್ತಿ ಕೂರಿಸಿದರೆ ಎರಡೂ ಸಮ ಆಗುತ್ತೆ. ಆಮೇಲೆ, ಹೊಸದಕ್ಕೆ ತೊಟ್ಟು ಇಲ್ಲ. ಅದನ್ನೂ ಮಾಡಬಹುದು." ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. "ಇದು ಕಾಯಿಲೆಗೆ ಅಲ್ಲಮ್ಮ. ಮಾಡಿಸಿಕೊಂಡರೂ ಸರಿ, ಬಿಟ್ಟರೂ ಸರಿ. ನಿಮಗೆ ಏನನ್ನಿಸುತ್ತೋ ಅದು."

ನನಗೆ ಏನನ್ನಿಸುತ್ತದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ತೆಗೆಯಲೇಬೇಕು ಎಂದಿದ್ದರು, ತೆಗೆಸಿಕೊಂಡಿದ್ದೆ. ಔಷಧಿ ಏರಿಸಲೇಬೇಕು ಎಂದಿದ್ದರು, ಕೈ ಚಾಚಿದ್ದೆ. ಈಗ ಇದ್ದಕ್ಕಿದ್ದ ಹಾಗೆ ಪ್ರಶ್ನೆಯನ್ನು ನನ್ನ ಮಡಿಲಿಗೆ ಹಾಕಿದ್ದರು. "ಯೋಚನೆ ಮಾಡಿ ಹೇಳ್ತೀನಿ ಸರ್" ಎಂದು ಎದ್ದು ಬಂದೆ.

ಯೋಚನೆ ಮಾಡದೆ ಇರಲು ಆಗುತ್ತಿರಲಿಲ್ಲ. ಸೀರೆ ಉಟ್ಟರೆ ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ, ಅದು ನಿಜ. ಆದರೆ ಬಚ್ಚಲಲ್ಲಿ ಬಟ್ಟೆ ಬಿಚ್ಚಿದರೆ ಆ ಹೊಸ ಮೊಲೆ ಕಣ್ಣು ಬರೆಯದೆ ಬಿಟ್ಟ ಗೊಂಬೆಯ ಮುಖದ ಹಾಗೆ ಬೋಳಾಗಿ ನನ್ನನ್ನು ನೋಡುತ್ತಿತ್ತು. ಸೋಪು ಹಚ್ಚುವ ಕೈ ಪ್ರತಿ ದಿನ ಅಲ್ಲಿಗೆ ಬಂದು ಒಂದು ಕ್ಷಣ ನಿಲ್ಲುತ್ತಿತ್ತು. ಮರುಕ್ಷಣವೇ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ: ಜೀವ ಉಳಿಯಿತು, ಮಕ್ಕಳು ಕಣ್ಣ ಮುಂದೆ ಇದ್ದಾರೆ, ಇನ್ನೂ ಏನೇ ನಿನಗೆ ಶೋಕಿ?

ಯಜಮಾನರನ್ನು ಕೇಳಿದೆ. ಪೇಪರಿನಿಂದ ತಲೆಯೆತ್ತಿ, "ನಂಗೇನೂ ಬೇಡ ಕಣೇ. ನೀನು ಹೆಂಗಿದ್ರೂ ಸರಿ" ಎಂದರು.

"ನಿಮಗೆ ಬೇಕಾ ಅಂತ ಕೇಳ್ಲಿಲ್ಲ ರೀ. ನಿಮಗೇನನ್ಸುತ್ತೆ ಅಂತ ಕೇಳ್ದೆ."

"ನಿಂಗೆ ಏನನ್ಸುತ್ತೋ ಅದೇ ನಂಗೂ" ಎಂದು ಮತ್ತೆ ಪೇಪರಿನ ಹಿಂದಕ್ಕೆ ಸರಿದರು. ಒಳ್ಳೆಯ ಮಾತೇ. ಆದರೂ ನನಗೆ ಆ ಪೇಪರನ್ನು ಹರಿದುಹಾಕುವಷ್ಟು ಸಿಟ್ಟು ಬಂತು. ಕಾಯಿಲೆಯಾದಾಗಿನಿಂದ ಅವರು ನನ್ನನ್ನು ಒಡೆದುಹೋಗುವ ಗಾಜಿನ ಸಾಮಾನಿನಂತೆ ನೋಡಿಕೊಳ್ಳುತ್ತಿದ್ದರು. ನಾನು ಬಟ್ಟೆ ಬದಲಾಯಿಸಲು ಕೋಣೆಗೆ ಹೋದರೆ ತಾವಾಗಿಯೇ ಹೊರಗೆ ಹೋಗುವರು. ಅದು ಮರ್ಯಾದೆಯೋ ಹೆದರಿಕೆಯೋ ನನಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನಮ್ಮ ಕಡೆ ಆ ಚಳಿಯ ತಿಂಗಳುಗಳಲ್ಲಿ ಯಾರ ಮನೆಗೆ ಹೋದರೂ ಅವರೆಕಾಳಿನ ಸೊಗಡು. ನಗರಗೆರೆಯಿಂದ ನನ್ನ ಅಕ್ಕ ಒಂದು ಚೀಲ ಅವರೆಕಾಯಿ ಹೊರಿಸಿಕೊಂಡು ಬಂದಳು. ಭಾನುವಾರ ಆಪಾ ಕೂಡ ಬಂದರು. ನೆನೆಸಿದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ನಾಲ್ವರೂ ಹಜಾರದ ಬಿಸಿಲಿಗೆ ಕಾಲು ಚಾಚಿ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಬಿಡಿಸುತ್ತ ಕೂತೆವು. ಹಿತಕಿದ ಬೇಳೆಗೆ ಕೂತವರು ಬೇಗ ಏಳುವ ಹಾಗಿಲ್ಲ. ಎಲ್ಲ ಮಾತೂ ಹೊರಗೆ ಬರುತ್ತದೆ. ನನ್ನ ಮಾತೂ ಬಂತು.

ಅಕ್ಕ ಕೇಳಿದ ಕೂಡಲೇ ಕಾಳು ಬಿಟ್ಟು ಕೈ ಮುಗಿದಳು. "ಬ್ಯಾಡ ಕಣೇ. ನಿನ್ ಕಾಲಿಗೆ ಬೀಳ್ತೀನಿ. ಎಷ್ಟು ಸಲ ಅಂತ ಕೊಯ್ಸಿಕೊಂತೀಯ? ದೇವ್ರು ಜೀವ ಉಳಿಸವ್ನೆ, ಅಷ್ಟು ಸಾಲ್ದಾ?"

"ಜೀವ ಉಳಿದ್ರೆ ತಾನೇ ಚೆನ್ನಾಗಿರ್ಬೇಕು ಅನ್ಸೋದು?" ಎಂದರು ಆಪಾ. "ನೀನು ಆಪರೇಷನ್ನಿಗೆ ಹೋದ ದಿನ ನಾನು ಮುರುಗಮಲ್ಲ ದರ್ಗಾಕ್ಕೆ ಹೋಗಿ ಏನು ಕೇಳ್ಕೊಂಡೆ ಗೊತ್ತಾ? ಇವಳು ಮೊದಲಿನ ಥರಾನೇ ಆಗ್ಲಿ ಅಂತ. ಅರ್ಧಂಬರ್ಧ ಆಗ್ಲಿ ಅಂತ ಕೇಳ್ಕೊಳ್ಲಿಲ್ಲ."

"ಒಳಗಿರೋದನ್ನ ಯಾರು ನೋಡ್ತಾರೆ ಮೇಡಂ?" ಅಕ್ಕ ಬಿಡಲಿಲ್ಲ. "ಹೋಗ್ಲಿ, ಇವಳೇನು ಹದಿನೆಂಟರ ಹುಡ್ಗೀನಾ?"

ಇಬ್ಬರೂ ನನ್ನನ್ನು ಮರೆತು ವಾದ ಮಾಡುತ್ತ ಹೋದರು. ಅತ್ತಮ್ಮ ತಲೆ ಬಗ್ಗಿಸಿಕೊಂಡು ಕಾಳು ಹಿಚುಕುತ್ತಲೇ ಇದ್ದರು. ಹಿರಿಯರು, ಏನು ಹೇಳುತ್ತಾರೋ ಎಂದು ನನಗೆ ಒಳಗೇ ಅಳುಕು. ಕೊನೆಗೆ ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆ ಡಾಕ್ಟ್ರು ಕಿವಿ ಹೊಲೀತಾರಾ?"

ಮೂವರೂ ಬಾಯಿ ಬಿಟ್ಟುಕೊಂಡು ಅವರ ಕಿವಿ ನೋಡಿದೆವು. ಅತ್ತಮ್ಮನ ತವರಿನವರು ಕೊಟ್ಟ ಕೆಂಪು ಕಲ್ಲಿನ ಓಲೆ ಬಲು ಭಾರ. ಮದುವೆಯಾದಾಗಿನಿಂದ ಹಾಕಿ ಹಾಕಿ ಎರಡೂ ಕಿವಿಯ ತೂತು ಜೋತು ಉದ್ದವಾಗಿ, ಒಂದು ಎಳೆಯಷ್ಟು ಚರ್ಮ ಉಳಿದಿತ್ತು. ಬಲಗಡೆಯದನ್ನು ನನ್ನ ಮಗ ಕೂಸಾಗಿದ್ದಾಗ ಹಿಡಿದೆಳೆದು ಹರಿದ. ಎಡಗಡೆಯದು ತಾನಾಗಿಯೇ ಹರಿಯಿತು. ಅಂದಿನಿಂದ ಅವರ ಕಿವಿಯ ಹಾಲೆ ಎರಡೆರಡು ಸೀಳಾಗಿ ತೂಗಾಡುತ್ತಿತ್ತು. ಅವರು ಅದರ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ. ನಮಗೆ ಅದು ಕಣ್ಣಿಗೂ ಬೀಳುತ್ತಿರಲಿಲ್ಲ.

"ಹೊಲೀತಾರೆ ಅತ್ತಮ್ಮ, ಅವರ ಕೆಲಸಾನೇ ಅದು" ಎಂದೆ.

"ಹಂಗಾದ್ರೆ ನೀನು ಹೋಗೋವಾಗ ನನ್ನೂ ಕರ್ಕೊಂಡೋಗು" ಎಂದು ಮತ್ತೆ ಕಾಳಿಗೆ ಕೈ ಹಾಕಿದರು. ಅಕ್ಕನ ವಾದ ಅಲ್ಲಿಗೆ ನಿಂತುಹೋಯಿತು. ಆಪಾ ಮುಖಕ್ಕೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬೆಂಗಳೂರಿನ ಬಸ್ಸು ಹತ್ತಿದೆವು. ಚಪಾತಿ, ಚಟ್ನಿ ಕಟ್ಟಿಕೊಂಡಿದ್ದೆವು. ಅತ್ತಮ್ಮ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವರು ಕುರ್ಚಿ ಮುಂದಕ್ಕೆಳೆದುಕೊಂಡು, ತಲೆಯ ಮೇಲಿನ ಸೆರಗು ಸರಿಸಿ ಎರಡೂ ಕಿವಿ ತೋರಿಸಿದರು.

"ಇದನ್ನ ಕೂಡಿಸಕ್ಕಾಗುತ್ತೇನಪ್ಪ?"

ಡಾಕ್ಟರು ಹಾಲೆ ಹಿಡಿದು ನೋಡಿದರು. "ಧಾರಾಳವಾಗಿ ಆಗುತ್ತೆ. ನಿಮಗೆ ಎಷ್ಟು ವಯಸ್ಸಮ್ಮ?"

"ಎಪ್ಪತ್ತು ಆಗಿರಬೌದು. ಯಾಕಪ್ಪ, ವಯಸ್ಸಾದ ಕಿವಿ ಅಂಟಲ್ವಾ?"

ಅಷ್ಟು ಗಂಭೀರವಾಗಿದ್ದ ಡಾಕ್ಟರು ಅವತ್ತು ಮೊದಲ ಸಲ ಗಟ್ಟಿಯಾಗಿ ನಕ್ಕಿದ್ದನ್ನು ನೋಡಿದೆ. "ಅಂಟುತ್ತೆ. ಸಕ್ಕರೆ ಕಾಯಿಲೆ ಇದೆಯಾ?" ಎಂದು ಕೇಳಿ, ಇಲ್ಲವೆಂದ ಮೇಲೆ ಪರೀಕ್ಷೆ ಮಾಡಿಸಿ, ಅದೇ ಮಧ್ಯಾಹ್ನ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕಿಯೇಬಿಟ್ಟರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರೆ, ಒಳಗಿನಿಂದ ಅತ್ತಮ್ಮ ನರ್ಸಿಗೆ ರೇಷ್ಮೆ ಹುಳು ಸಾಕುವುದನ್ನು ವಿವರಿಸುತ್ತಿದ್ದುದು ಕೇಳಿಸುತ್ತಿತ್ತು. ನನ್ನ ವಿಷಯವನ್ನು ಡಾಕ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಲಿಗೆ ಬಿಚ್ಚಿಸಲು ಬರುತ್ತೇವಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ.

ವಾಪಸು ಬರುವಾಗ ಎರಡೂ ಕಿವಿಗೆ ಬಿಳಿ ಪ್ಲಾಸ್ಟರು ಹಾಕಿಕೊಂಡ ಅವರನ್ನು ಬಸ್ಸೆಲ್ಲ ತಿರುತಿರುಗಿ ನೋಡಿತು. ಕಂಡಕ್ಟರು, "ಏನಜ್ಜಿ, ಯಾರಾದ್ರೂ ಬಾರಿಸಿದ್ರಾ?" ಎಂದ.

"ಇಲ್ಲಪ್ಪ. ಓಲೆ ಹಾಕ್ಕೊಳಕ್ಕೆ ಕಿವಿ ಹೊಲಿಸ್ಕೊಂಡ್ ಬಂದೆ" ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದರು.

ನನಗೇ ಮುಜುಗರವಾಯಿತು. ಬಸ್ಸು ಹೊಸಕೋಟೆ ದಾಟಿದ ಮೇಲೆ ಮೆಲ್ಲಗೆ ಕೇಳಿದೆ: "ಅತ್ತಮ್ಮ, ಇಷ್ಟು ವರ್ಷ ಸುಮ್ಮನಿದ್ದು ಈಗ ಹಿಂಗೆ ಮಾಡಿಸ್ಕೊಂಡ್ರಲ್ಲ. ನೋಡಿದವರು ಏನಾದ್ರೂ ಅಂದ್ರೆ ನಾಚಿಕೆ ಆಗಲ್ವಾ?"

"ಏಮಿ ಸಿಗ್ಗು!" ಎಂದರು, ಎಂಥ ನಾಚಿಕೆ ಎಂಬಂತೆ. ಆಮೇಲೆ ದನಿ ತಗ್ಗಿಸಿ ಹೇಳಿದರು: "ದಿನಾ ನೀರು ಹುಯ್ಕೊಂಡು ಮೈ ಒರೆಸ್ಕೊಳೋವಾಗ ಕೈ ಓಲೆ ಹತ್ರ ಹೋಗ್ತದೆ ಕಣಮ್ಮ. ಅಲ್ಲಿ ಏನೂ ಇರಲ್ಲ. ಇಷ್ಟು ವರ್ಷ ಆದ್ರೂ ಆ ಕೈಗೆ ಬುದ್ಧಿ ಬಂದಿಲ್ಲ. ಯಾರೋ ನೋಡ್ಲಿ ಅಂತಲ್ಲ. ನನ್ ಕೈಗೆ ಸಿಗ್ಲಿ ಅಂತ."

ಬಚ್ಚಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ ನನ್ನ ಕೈಯ ಬಗ್ಗೆ ನಾನು ಯಾರಿಗೂ ಹೇಳಿದವಳಲ್ಲ, ಅವರಿಗೂ ಹೇಳಿರಲಿಲ್ಲ. ಮನೆ ಸೇರುವಷ್ಟರಲ್ಲಿ ನನ್ನ ಯೋಚನೆ ಮುಗಿದಿತ್ತು. ತೊಟ್ಟು ಮಾಡಿಸಿಕೊಳ್ಳುವುದು. ಬಲಗಡೆಯದನ್ನು ಮುಟ್ಟಿಸುವುದಿಲ್ಲ.

ಮರುದಿನದಿಂದ ಬೀದಿಯವರೆಲ್ಲ ಅತ್ತಮ್ಮನ ಕಿವಿ ನೋಡಲು ಬಂದರು. ಎದುರು ಮನೆಯಾಕೆ ಮೂಗಿನ ಮೇಲೆ ಬೆರಳಿಟ್ಟು, "ಈ ವಯಸ್ಸಲ್ಲಿ ಯಾರು ನೋಡ್ಬೇಕು ಅಂತ ಇದೆಲ್ಲ?" ಎಂದಾಗ ಅತ್ತಮ್ಮ, "ನೀನೇ ನೋಡಕ್ಕೆ ಬಂದಿದ್ದೀಯಲ್ಲಮ್ಮ" ಎಂದರು. ಆಕೆಯೇ ಒಂದು ವಾರದ ಮೇಲೆ ಬಂದು ಆ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋದಳು.

ಹೊಲಿಗೆ ಬಿಚ್ಚಿಸಲು ಹೋದಾಗ ನನ್ನ ತೀರ್ಮಾನ ಹೇಳಿದೆ. ಡಾಕ್ಟರಿಗೆ ಆಶ್ಚರ್ಯವಾಯಿತು.

"ಸಾಮಾನ್ಯವಾಗಿ ಎರಡು ಕಡೆ ಸಮ ಮಾಡಿ ಅಂತಾರಮ್ಮ. ಬಟ್ಟೆ ಹಾಕಿಕೊಂಡಾಗ ಕಾಣೋದು ಅದೇ ತಾನೇ? ತೊಟ್ಟು ಯಾರಿಗೂ ಕಾಣೋದಿಲ್ಲ."

"ನನಗೆ ಕಾಣುತ್ತೆ ಸರ್" ಎಂದೆ. "ಬಲಗಡೆಯದಕ್ಕೆ ಏನೂ ಆಗಿಲ್ಲ. ಎರಡು ಮಕ್ಕಳಿಗೆ ಹಾಲು ಕೊಟ್ಟಿದೆ, ಇಳಿದಿದ್ರೆ ಇಳಿದಿರಲಿ. ಚೆನ್ನಾಗಿರೋದನ್ನ ಕೊಯ್ಸೋಕೆ ನನಗೆ ಮನಸ್ಸಿಲ್ಲ."

ಅವರು ತಲೆಯಾಡಿಸಿದರು. ಎಲ್ಲವನ್ನೂ ಬಿಡಿಸಿ ಹೇಳಿದರು. ಹೊಸ ಮೊಲೆಯ ಚರ್ಮವನ್ನೇ ಮಡಿಸಿ ತೊಟ್ಟು ಎತ್ತುತ್ತಾರೆ. ಸುತ್ತಲಿನ ಕಪ್ಪಿಗೆ ತೊಡೆಯ ಸಂದಿಯ ಚರ್ಮ ತಂದು ಕೂರಿಸುತ್ತಾರೆ. ದಿನ ಕಳೆದಂತೆ ಅರ್ಧ ಕುಗ್ಗಬಹುದು, ಬಣ್ಣ ಒಂದೇ ಥರ ಬರದಿರಬಹುದು, ಮುಟ್ಟಿದರೆ ಸ್ಪರ್ಶ ತಿಳಿಯುವುದಿಲ್ಲ. "ಇಷ್ಟು ಗೊತ್ತಿದ್ದೂ ಬೇಕು ಅಂದರೆ ಮಾಡೋಣ" ಎಂದರು. ಬೇಕು ಎಂದೆ.

"ಹಾಗಾದರೆ ನಿಮಗೊಂದು ಹೋಂವರ್ಕ್. ಎಲ್ಲಿ ಇರಬೇಕು ಅಂತ ನೀವೇ ಗೊತ್ತು ಮಾಡಿಕೊಂಡು ಬನ್ನಿ. ಮನೆಯಲ್ಲಿ ಸ್ಟಿಕ್ಕರ್ ಬೊಟ್ಟು ಇರುತ್ತಲ್ಲ? ಅದನ್ನ ಅಂಟಿಸಿ, ಕನ್ನಡಿಯಲ್ಲಿ ನಿಂತು ನೋಡಿ, ಕೂತು ನೋಡಿ. ಸರಿ ಅನ್ನಿಸೋವರೆಗೂ ಬದಲಾಯಿಸ್ತಾ ಇರಿ."

ಮೇಷ್ಟ್ರ ಕೆಲಸದವಳಿಗೆ ಇಂಥ ಹೋಂವರ್ಕ್ ಕೊಟ್ಟವರು ಅವರೊಬ್ಬರೇ.

ಪೇಟೆಯಲ್ಲಿ ಅಂಗಡಿಯವನು ಹಣೆಗೆ ಒಪ್ಪುವ ಪುಟ್ಟ ಬೊಟ್ಟುಗಳನ್ನೇ ತೆಗೆದು ತೆಗೆದು ತೋರಿಸಿದ. ನಾನು ಇನ್ನೂ ದೊಡ್ಡದು, ಇನ್ನೂ ಕಂದು ಬಣ್ಣದ್ದು ಎಂದು ಕೇಳುತ್ತಿದ್ದೆ. ಜೊತೆಗೆ ಬಂದಿದ್ದ ಆಪಾ ಅಂಗಡಿಯಿಂದ ಆಚೆ ಹೋಗಿ ನಿಂತುಕೊಂಡರು, ನಗು ತಡೆಯಲಾರದೆ.

ಭಾನುವಾರ ಬೆಳಿಗ್ಗೆ ಅತ್ತಮ್ಮ ಮಕ್ಕಳನ್ನು ಕರೆದುಕೊಂಡು ಸಾದಲಿಗೆ ಹೋಗಿದ್ದರು. ನಾನು ಕೋಣೆಯ ಕಿಟಕಿ ಮುಚ್ಚಿ, ದೀಪ ಹಾಕಿ, ಬೀರುವಿನ ಕನ್ನಡಿಯ ಮುಂದೆ ನಿಂತೆ. ಒಂದು ಬೊಟ್ಟು ಅಂಟಿಸಿದೆ. ಕೆಳಗಾಯಿತು. ಕಿತ್ತು ಮೇಲೆ ಅಂಟಿಸಿದೆ. ಅದು ಆಕಾಶ ನೋಡುತ್ತಿತ್ತು. ಎಷ್ಟು ಮಾಡಿದರೂ ಮೇಲಿನಿಂದ ಬಗ್ಗಿ ನೋಡುವವಳಿಗೆ ಒಂದು ಥರ, ಕನ್ನಡಿಯಲ್ಲಿ ಒಂದು ಥರ. ಬೇಸತ್ತು ಕೂಗಿದೆ: "ರೀ, ಬನ್ನಿ ಇಲ್ಲಿ!"

ಯಜಮಾನರು ಬಾಗಿಲವರೆಗೆ ಬಂದರು, ನನ್ನನ್ನು ನೋಡಿದರು, ಥಟ್ಟನೆ ಹಿಂದೆ ತಿರುಗಿದರು.

"ಓಡಬೇಡ್ರಿ. ಇಲ್ಲಿ ನಿಂತು ಇದು ನೆಟ್ಟಗಿದೆಯಾ ಹೇಳಿ."

"ಏನು?"

"ಬೊಟ್ಟು."

ಅವರು ನಿಧಾನವಾಗಿ ತಿರುಗಿದರು. ಆಪರೇಷನ್ ಆದಮೇಲೆ ಬೆಳಕಿನಲ್ಲಿ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಗಾಯದ ಗೆರೆ, ಬೆನ್ನಿನಿಂದ ತಂದ ಚರ್ಮದ ತೇಪೆ, ಅದರ ಮೇಲೊಂದು ಕಂದು ಬೊಟ್ಟು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಹುಬ್ಬು ಗಂಟು ಹಾಕಿ, ತಲೆ ಓರೆ ಮಾಡಿ, ಗೂಡಿನ ರಾಶಿಯ ಗುಣ ನೋಡುವವರಂತೆ ನೋಡಿದರು.

"ಸ್ವಲ್ಪ ಎಡಕ್ಕೆ" ಎಂದರು.

ಎಡಕ್ಕೆ ಅಂಟಿಸಿದೆ.

"ನಿನ್ ಎಡಕ್ಕಲ್ಲ ಕಣೇ, ನನ್ ಎಡಕ್ಕೆ. ಹಾಂ. ಈಗ ಒಂದು ನೂಲು ಮೇಲೆ. ಅಯ್ಯೋ, ಜಾಸ್ತಿ ಆಯ್ತು. ಇರು, ನಾನೇ ಅಂಟಿಸ್ತೀನಿ."

ಗೋಡೆಗೆ ದೇವರ ಪಟ ಹೊಡೆಯುವಾಗಲೂ ಅವರು ಅಷ್ಟು ಮುತುವರ್ಜಿ ವಹಿಸಿದವರಲ್ಲ. ಅಂಟಿಸಿ, ಹಿಂದಕ್ಕೆ ಸರಿದು ಮಂಚಕ್ಕೆ ಎಡವಿ ಕೂತೇಬಿಟ್ಟರು. ಬೊಟ್ಟು ಬಿದ್ದುಹೋಯಿತು. ಹುಡುಕಿದರೆ ಅವರ ಹೆಬ್ಬೆರಳಿಗೇ ಅಂಟಿಕೊಂಡಿತ್ತು. ನಾನು ನಕ್ಕೆ. ಅವರೂ ನಕ್ಕರು, ಮೊದಲು ಹೆದರಿ ಹೆದರಿ, ಆಮೇಲೆ ಬಿದ್ದು ಬಿದ್ದು. ನಗುತ್ತಲೇ ಅವರ ಕಣ್ಣು ತುಂಬಿಬಂತು.

"ನೋವಾಗುತ್ತೇನೋ ಅಂತ ಹತ್ರ ಬರಕ್ಕೇ ಹೆದರ್ಕೊಂಡಿದ್ದೆ ಕಣೇ" ಎಂದರು. "ನೋಡಿದ್ರೆ ನೀನು ಏನನ್ಕೊತೀಯೋ ಅಂತ."

"ನೋಡದೇ ಇದ್ರೆ ಏನನ್ಕೊಂಡಿರ್ತೀನಿ ಅಂತ ಯೋಚ್ನೆ ಮಾಡ್ಲಿಲ್ವಾ?"

ಅವರು ಎದ್ದು ಹೋಗಿ ಮತ್ತೊಂದು ಬೊಟ್ಟು ಬಿಡಿಸಿಕೊಂಡು ಬಂದರು. ಅವತ್ತು ಮಧ್ಯಾಹ್ನದ ಅಡುಗೆಯೇ ಆಗಲಿಲ್ಲ. ಅವರು ಹೋಟೆಲಿನಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದರು.

ಪರೀಕ್ಷೆಗಳೆಲ್ಲ ಮುಗಿದು ಶಾಲೆಗೆ ರಜೆ ಬಿಟ್ಟ ಮೇಲೆ ಆಪರೇಷನ್ ಆಯಿತು. ಮೈಗೆಲ್ಲ ಮಂಪರು ಬೇಕಾಗಲಿಲ್ಲ, ಆ ಜಾಗಗಳಿಗಷ್ಟೇ ಇಂಜೆಕ್ಷನ್. ನಾವಿಬ್ಬರೂ ಗೊತ್ತು ಮಾಡಿದ್ದ ಜಾಗವನ್ನು ಡಾಕ್ಟರು ಅಳೆದು ನೋಡಿ, "ನಾನಾಗಿದ್ದರೂ ಇಲ್ಲೇ ಗುರುತು ಹಾಕ್ತಿದ್ದೆ" ಎಂದಾಗ ಹೆಮ್ಮೆಯಾಯಿತು. ಪಕ್ಕದಲ್ಲೆಲ್ಲೋ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ನರ್ಸು ನನ್ನ ಕೈ ಹಿಡಿದುಕೊಂಡು, "ಅವತ್ತು ಕಿವಿ ಹೊಲಿಸ್ಕೊಂಡ ಅಜ್ಜಿ ಹೇಗಿದ್ದಾರೆ?" ಎಂದು ವಿಚಾರಿಸಿದಳು. ಎದೆಯ ನೋವೇನೂ ತಿಳಿಯಲಿಲ್ಲ. ತೊಡೆಯ ಗಾಯ ಮಾತ್ರ ಎಷ್ಟೋ ದಿನ ಉರಿಯುತ್ತಿತ್ತು; ಕೂತರೂ ಕಷ್ಟ, ನಡೆದರೂ ಕಷ್ಟ. ಇಷ್ಟೆಲ್ಲಾ ಬೇಕಿತ್ತಾ ಎಂದು ಎರಡು ದಿನ ಅನ್ನಿಸಿದ್ದೂ ಉಂಟು.

ಪಟ್ಟಿ ತೆಗೆದ ಮೇಲೆ ಅತ್ತಮ್ಮ ಅಡುಗೆಮನೆಯಿಂದಲೇ "ತೋರ್ಸೇ, ನೋಡಣ" ಎಂದರು. ಬಾಗಿಲು ಹಾಕಿಕೊಂಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿ, "ಬಾಗುಂದಿ" ಎಂದರು. ತೆಲುಗಿನಲ್ಲಿ ಹೇಳಿದರೆಂದರೆ ನಿಜವಾಗಿಯೂ ಚೆನ್ನಾಗಿದೆ ಎಂದೇ ಅರ್ಥ. ಅವರ ಕಿವಿಯ ಗಾಯವೂ ಅಷ್ಟು ಹೊತ್ತಿಗೆ ಪೂರ್ತಿ ಮಾಗಿತ್ತು. ಚಿಂತಾಮಣಿಯ ಆಚಾರಿಯ ಹತ್ತಿರ ಹೋಗಿ, ಹಳೆಯ ಗೆರೆಯ ಪಕ್ಕದಲ್ಲಿ ಹೊಸ ತೂತು ಚುಚ್ಚಿಸಿಕೊಂಡು, ಡಾಕ್ಟರು ಹೇಳಿದಂತೆ ಹಗುರದ ಓಲೆ ಹಾಕಿಕೊಂಡರು. ಕೆಂಪು ಕಲ್ಲಿನದನ್ನು ಮೊಮ್ಮಗಳಿಗೆ ಎತ್ತಿಟ್ಟರು.

ನನ್ನದು ಡಾಕ್ಟರು ಎಚ್ಚರಿಸಿದ್ದಂತೆಯೇ ಕ್ರಮೇಣ ಅರ್ಧದಷ್ಟು ಕುಗ್ಗಿತು. ಬಣ್ಣ ಬಲಗಡೆಯದಕ್ಕಿಂತ ಸ್ವಲ್ಪ ತಿಳಿ. ಮುಟ್ಟಿದರೆ ಬೆರಳಿಗೆ ತಿಳಿಯುತ್ತದೆ, ಮೊಲೆಗೆ ತಿಳಿಯುವುದಿಲ್ಲ. ಎರಡೂ ಸಮವಾಗಿಯೂ ಇಲ್ಲ. ಆದರೆ ಬಚ್ಚಲಲ್ಲಿ ಸೋಪು ಹಚ್ಚುವ ಕೈ ಅಲ್ಲಿ ತಡೆಯದೆ ಮುಂದಕ್ಕೆ ಹೋಗತೊಡಗಿತು. ಅದು ಯಾವ ದಿನದಿಂದ ಎಂಬುದನ್ನು ನಾನು ಗಮನಿಸಲೂ ಇಲ್ಲ.

ಅಕ್ಕನಿಗೆ ಆಪರೇಷನ್ ವಿಷಯ ಮುಂಚೆ ಹೇಳಿರಲಿಲ್ಲ. ಆಮೇಲೆ ಗೊತ್ತಾಗಿ ಮುನಿಸಿಕೊಂಡಿದ್ದಳು. ದೀಪಾವಳಿಗೆ ನಾವು ನಗರಗೆರೆಗೆ ಹೋದೆವು. ಹಬ್ಬದ ಬೆಳಿಗ್ಗೆ ಹಂಡೆಯ ನೀರು ಕುದಿಯುತ್ತಿತ್ತು. ಚಿಕ್ಕವಳಿದ್ದಾಗಿನಿಂದ ನನಗೆ ಎಣ್ಣೆ ಹಚ್ಚುವವಳು ಅಕ್ಕನೇ. ಮುಖ ಊದಿಸಿಕೊಂಡೇ ಹರಳೆಣ್ಣೆ ಬಟ್ಟಲು ಹಿಡಿದು ಬಚ್ಚಲಿಗೆ ಬಂದಳು. ನೆತ್ತಿಗೆ ತಟ್ಟಿದಳು, ತೋಳಿಗೆ ತಿಕ್ಕಿದಳು. ಬೆನ್ನಿನ ಉದ್ದನೆಯ ಗಾಯದ ಗೆರೆ ಸಿಕ್ಕಿದಾಗ ಅವಳ ಕೈ ಮೆತ್ತಗಾಯಿತು. ಆಮೇಲೆ ಮುಂದಕ್ಕೆ ಬಂದು ಕೂತಳು.

ಬಹಳ ಹೊತ್ತು ನೋಡಿದಳು. ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

"ಉರೀತದಾ?"

"ಇಲ್ಲಕ್ಕ, ಏನೂ ಗೊತ್ತಾಗಲ್ಲ."

ಅವಳು ತನ್ನ ಸೆರಗಿನೊಳಗೆ ಒಮ್ಮೆ ಇಣುಕಿ ನೋಡಿಕೊಂಡಳು, ಮತ್ತೆ ನನ್ನದನ್ನು ನೋಡಿದಳು. "ನಾಲ್ಕು ಹೆತ್ತು ನಂದು ಎಲ್ಲಿಗೋ ಹೋಗಿ ಕುಂತವೆ. ನಿಂದು ನೋಡು, ಎಂಗೆ ನೆಟ್ಟಗೆ ನಿಂತೈತೆ! ಆ ಡಾಕ್ಟ್ರು ಎಲ್ಲವ್ನೆ ಹೇಳು, ನಾನೂ ಹೋಗಿ ಬರ್ತೀನಿ."

ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ತಲೆಯಿಟ್ಟು ನಕ್ಕೆವು. ಎಣ್ಣೆ ಅವಳ ಹೊಸ ಸೀರೆಗೆಲ್ಲ ಆಯಿತು. ಹೊರಗಿನಿಂದ ಮಕ್ಕಳು ಪಟಾಕಿ ಹೊಡೆಯಲು ಬೇಗ ಬನ್ನಿ ಎಂದು ಬಾಗಿಲು ಬಡಿಯುತ್ತಿದ್ದರು. ಅಕ್ಕ "ಇರ್ರೋ!" ಎಂದು ಗದರಿ, ಹಂಡೆಗೆ ಚೊಂಬು ಅದ್ದಿ, ಬಿಸಿ ನೀರನ್ನು ನನ್ನ ತಲೆಯ ಮೇಲೆ ಹುಯ್ದಳು.